ಫಿಫ್ತ್ ವೀಲ್ ಟ್ರೇಲರ್: ಎಳೆಯುವ ಲೆಕ್ಕಕ್ಕಿಂತ ಹೊರುವ ಲೆಕ್ಕ ಮೊದಲು

ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಈಗ ಈ ಮಾತು ಜಾಸ್ತಿ ಕೇಳಿಬರುತ್ತಿದೆ. "ಒಂದು ಫಿಫ್ತ್ ವೀಲ್ ತಗೊಂಡಿದ್ದೀವಿ, ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಹೊರಡಬೇಕು, ಏನೂ ಗೊತ್ತಿಲ್ಲ." ಫಿಫ್ತ್ ವೀಲ್ ಅಂದರೆ ಪಿಕಪ್ ಟ್ರಕ್ಕಿಗೆ ಜೋಡಿಸಿ ಎಳೆದುಕೊಂಡು ಹೋಗುವ ಚಕ್ರದ ಮೇಲಿನ ಮನೆ. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಶುರುವಾದಾಗ ಚಕ್ರದ ಮೇಲಿನ ಮನೆಗಳಿಗೆ ಬೇಡಿಕೆ ಏರಿತು. 2021ರಲ್ಲಿ ಉತ್ತರ ಅಮೆರಿಕದ ಕಾರ್ಖಾನೆಗಳಿಂದ ಸುಮಾರು 6 ಲಕ್ಷ ಆರ್‌ವಿಗಳು (ಇಂಥ ಎಲ್ಲಾ ಬಗೆಯ ಚಕ್ರದ ಮನೆಗಳಿಗೂ ಇದೇ ಹೆಸರು) ಹೊರಬಂದವು, ಅದು ದಾಖಲೆ. ಆಗ ಕೊಂಡವರಲ್ಲಿ ಹಲವರು ಈಗ ಮಾರುತ್ತಿದ್ದಾರೆ. ಹಾಗಾಗಿ ಸೆಕೆಂಡ್‌ಹ್ಯಾಂಡ್ ಟ್ರೇಲರ್ ಕೈಗೆ ಬರುತ್ತದೆ, ಜೊತೆಗೆ ಬರಬೇಕಾದ ಕೈಪಿಡಿ ಬರುವುದಿಲ್ಲ.

ಮೊದಲ ಸಲ ಕೊಂಡವರಿಗೆ ಬೇಕಾದ ಮೂಲ ವಿಷಯಗಳನ್ನು ಇಲ್ಲಿ ಬರೆದಿದ್ದೇನೆ. ತೂಕದ ವಿಷಯ ಸ್ವಲ್ಪ ಉದ್ದವಾಗಿದೆ, ಅದನ್ನು ಮಾತ್ರ ದಯವಿಟ್ಟು ಹಾರಿಸಿ ಓದಬೇಡಿ. ಉಳಿದ ತಪ್ಪುಗಳಿಂದ ಹಣ ಹೋಗುತ್ತದೆ. ತೂಕದ ತಪ್ಪಿನಿಂದ ಜೀವಕ್ಕೇ ಅಪಾಯ.

## ಐದನೇ ಚಕ್ರ ಎಲ್ಲಿದೆ?

ಹೆಸರು ಕೇಳಿ ಎಲ್ಲರೂ ಮೊದಲು ಹುಡುಕುವುದು ಐದನೇ ಚಕ್ರವನ್ನು. ಅದು ಕುದುರೆ ಗಾಡಿಯ ಕಾಲದ ಹೆಸರು. ನಾಲ್ಕು ಚಕ್ರದ ಸಾರೋಟಿನಲ್ಲಿ ಮುಂದಿನ ಅಚ್ಚು ಎಡಬಲಕ್ಕೆ ತಿರುಗಬೇಕಲ್ವಾ? ಅದಕ್ಕಾಗಿ ಅಚ್ಚಿನ ಮೇಲೆ ಒಂದು ದುಂಡನೆಯ ಕಬ್ಬಿಣದ ತಟ್ಟೆಯನ್ನು ಅಡ್ಡಡ್ಡ ಮಲಗಿಸಿರುತ್ತಿದ್ದರು. ಮಲಗಿಸಿದ ಚಕ್ರದಂತೆ ಕಾಣುತ್ತಿದ್ದ ಅದಕ್ಕೇ ಐದನೇ ಚಕ್ರ ಎಂಬ ಹೆಸರು ಬಂತು. ಮುಂದೆ ದೊಡ್ಡ ಟ್ರೇಲರ್ ಲಾರಿಗಳಿಗೂ ಇದೇ ಏರ್ಪಾಡು ಬಂತು. ನಮ್ಮ ಹೆದ್ದಾರಿಗಳಲ್ಲಿ ಕಂಟೇನರ್ ಹೊತ್ತು ಹೋಗುವ ಟ್ರೇಲರ್ ಲಾರಿಯನ್ನು ನೋಡಿದ್ದರೆ, ಮುಂದಿನ ಎಂಜಿನ್ ಭಾಗ ಮತ್ತು ಹಿಂದಿನ ಹೊರೆ ಸೇರುವ ಜಾಗದಲ್ಲಿ ಇರುವುದು ಇದೇ.

ನಿಮ್ಮ ಟ್ರೇಲರಿನ ಮುಂಭಾಗ ಗೂನಿನಂತೆ ಎತ್ತರವಾಗಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರ ಅಡಿಯಲ್ಲಿ ಕೆಳಮುಖವಾಗಿ ಒಂದು ದಪ್ಪ ಉಕ್ಕಿನ ಗೂಟ ಇದೆ. ಅದು ಕಿಂಗ್‌ಪಿನ್, 2 ಇಂಚು ದಪ್ಪ. ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯಲ್ಲಿ, ಹಿಂದಿನ ಅಚ್ಚಿನ ನೇರಕ್ಕೆ ಅಥವಾ ತುಸು ಮುಂದೆ, ಹಿಚ್ ಎಂಬ ಜೋಡಿಸುವ ಕೊಂಡಿ ಕೂತಿರುತ್ತದೆ. ಹಿಚ್ಚಿನ ದವಡೆ ಕಿಂಗ್‌ಪಿನ್ನನ್ನು ಕಚ್ಚಿ ಹಿಡಿಯುತ್ತದೆ. ಟ್ರಕ್ಕಿಗೂ ಟ್ರೇಲರಿಗೂ ಇರುವ ಗಟ್ಟಿ ಸಂಬಂಧ ಇಷ್ಟೇ.

ಸಾಮಾನ್ಯ ಟ್ರಾವೆಲ್ ಟ್ರೇಲರ್ ಹಾಗಲ್ಲ. ಅದನ್ನು ಟ್ರಕ್ಕಿನ ಬಾಲದಲ್ಲಿರುವ ಒಂದು ಉಕ್ಕಿನ ಗುಂಡಿಗೆ ಸಿಕ್ಕಿಸುತ್ತಾರೆ. ಆ ಗುಂಡು ಹಿಂದಿನ ಅಚ್ಚಿನಿಂದ ನಾಲ್ಕೈದು ಅಡಿ ಹಿಂದಿದೆ. ಪಕ್ಕದಿಂದ ಗಾಳಿ ಹೊಡೆದರೆ, ದೊಡ್ಡ ಲಾರಿ ಸರ್ ಎಂದು ದಾಟಿದರೆ, ಟ್ರೇಲರ್ ಆ ನಾಲ್ಕೈದು ಅಡಿಯನ್ನು ಹಾರೆಯಂತೆ ಬಳಸಿ ಟ್ರಕ್ಕಿನ ಬಾಲವನ್ನು ಆ ಕಡೆ ಈ ಕಡೆ ಅಲ್ಲಾಡಿಸುತ್ತದೆ. ಫಿಫ್ತ್ ವೀಲಿನಲ್ಲಿ ಒತ್ತಡ ಬೀಳುವುದು ಅಚ್ಚಿನ ಮೇಲೇ. ಹಾರೆಯೇ ಇಲ್ಲ. ಅದಕ್ಕೇ ಇಷ್ಟು ದೊಡ್ಡ ಮನೆ ಹೆದ್ದಾರಿಯಲ್ಲಿ ಅಷ್ಟು ನೆಟ್ಟಗೆ ಬರುತ್ತದೆ.

## ಎತ್ತಿನ ಗಾಡಿಯ ಮುಂಭಾರ

ಎತ್ತಿನ ಗಾಡಿಗೆ ಹೊರೆ ತುಂಬುವುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಎರಡು ಚಕ್ರದ ಗಾಡಿ, ನಡುವೆ ಅಚ್ಚು. ಮೂಟೆಗಳನ್ನು ಜಾಸ್ತಿ ಮುಂದೆ ಹಾಕಿದರೆ ಮುಂಭಾರವಾಗಿ ನೊಗ ಎತ್ತುಗಳ ಹೆಗಲನ್ನು ಅಮುಕುತ್ತದೆ. ಜಾಸ್ತಿ ಹಿಂದೆ ಹಾಕಿದರೆ ಹಿಂಭಾರವಾಗಿ ನೊಗ ಮೇಲಕ್ಕೇಳುತ್ತದೆ, ಕೊರಳಿನ ಹಗ್ಗ ಬಿಗಿಯುತ್ತದೆ. ತಿಳಿದವರು ತುಸು ಮುಂಭಾರ ಇರುವಂತೆ ಹೇರುತ್ತಾರೆ.

ಫಿಫ್ತ್ ವೀಲ್ ಕೂಡ ಹಾಗೆಯೇ. ಅದರ ಚಕ್ರಗಳು ನಡುವಿನಿಂದ ತುಸು ಹಿಂದಿವೆ. ಒಟ್ಟು ತೂಕದಲ್ಲಿ ಸುಮಾರು ಐದನೇ ಒಂದು ಭಾಗ, ಅಂದರೆ 20 ಪರ್ಸೆಂಟ್, ಕಿಂಗ್‌ಪಿನ್ ಮೂಲಕ ಟ್ರಕ್ಕಿನ ಬೆನ್ನ ಮೇಲೆ ಬೀಳುತ್ತದೆ. ಇದಕ್ಕೆ ಪಿನ್ ತೂಕ ಎನ್ನುತ್ತಾರೆ. ಟ್ರೇಲರಿನ ವಿನ್ಯಾಸ ಮತ್ತು ನೀವು ಸಾಮಾನು ಇಟ್ಟ ಜಾಗ ನೋಡಿಕೊಂಡು ಇದು 15ರಿಂದ 25 ಪರ್ಸೆಂಟ್ ಆಗಬಹುದು. ಗುಂಡಿಗೆ ಸಿಕ್ಕಿಸುವ ಟ್ರೇಲರಿನಲ್ಲಿ ಇದು 10ರಿಂದ 15.

ಅಂದರೆ ನಿಮ್ಮ ಟ್ರಕ್ ಈ ಮನೆಯನ್ನು ಎಳೆಯುವುದರ ಜೊತೆಗೆ ಅದರ ಐದನೇ ಒಂದು ಭಾಗವನ್ನು ಹೊರುತ್ತದೆ ಕೂಡ. ಮಾರುವವರು ಮಾತಾಡುವುದು ಎಳೆಯುವ ಶಕ್ತಿಯ ಬಗ್ಗೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದೂ ಅದೇ. ಮೊದಲು ಕೇಳಬೇಕಾದದ್ದು ಹೊರುವ ಶಕ್ತಿಯನ್ನು.

## ಬಾಗಿಲ ಚೌಕಟ್ಟಿನ ಹಳದಿ ಚೀಟಿ

ಟ್ರಕ್ಕಿನ ಡ್ರೈವರ್ ಬಾಗಿಲು ತೆಗೆದು ಚೌಕಟ್ಟು ನೋಡಿ. ಹಳದಿ ಬಣ್ಣದ ಪಟ್ಟಿಯಿರುವ ಒಂದು ಬಿಳಿ ಚೀಟಿ ಅಂಟಿಸಿರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಎಂದು ಅದರಲ್ಲಿ ಬರೆದಿದೆ. ಇದೇ ಪೇಲೋಡ್. ಅಂತರ್ಜಾಲದಲ್ಲಿ ಸಿಗುವ ಅಂಕಿ ಆ ಮಾದರಿಯ ಅತ್ಯಂತ ಹಗುರ ಟ್ರಕ್ಕಿನದ್ದಿರಬಹುದು. ಸನ್‌ರೂಫ್, ಚರ್ಮದ ಸೀಟು, ನಾಲ್ಕು ಚಕ್ರಕ್ಕೂ ಎಳೆತ ಇವೆಲ್ಲ ಸೇರಿದಂತೆ ಪೇಲೋಡ್ ಇಳಿಯುತ್ತದೆ. ನಿಮ್ಮ ಟ್ರಕ್ಕಿಗೆ ನಿಮ್ಮ ಬಾಗಿಲ ಚೀಟಿಯೇ ಸತ್ಯ.

ಒಂದು ಲೆಕ್ಕ ಮಾಡೋಣ. ಎಲ್ಲರೂ ಹಾಫ್-ಟನ್ ಎಂದು ಕರೆಯುವ ಮಾಮೂಲಿ ಪಿಕಪ್, ಎಳೆಯುವ ಶಕ್ತಿ 11,000 ಪೌಂಡ್, ಚೀಟಿಯಲ್ಲಿ ಪೇಲೋಡ್ 1,600 ಪೌಂಡ್ ಎಂದಿಟ್ಟುಕೊಳ್ಳಿ. ಟ್ರೇಲರ್ ತುಂಬಿದಾಗ 10,000 ಪೌಂಡ್. ಎಳೆಯಬಹುದು ಅನ್ನಿಸುತ್ತದೆ ಅಲ್ವಾ? ಈಗ ಹೊರೆ ನೋಡಿ. ಪಿನ್ ತೂಕ 20 ಪರ್ಸೆಂಟ್ ಹಿಡಿದರೆ 2,000 ಪೌಂಡ್. ಹಿಚ್ಚಿನದ್ದೇ ತೂಕ 150. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ 500. ಹಿಂದಿನ ಸೀಟಿನ ಸಾಮಾನು 100. ಒಟ್ಟು 2,750. ಹೊರಬಹುದಾದದ್ದು 1,600, ಹೊರಿಸಿದ್ದು 2,750. ಟ್ರಕ್ ಹೊರಡುತ್ತದೆ, ಎಳೆಯುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಆದರೆ ಹಿಂದಿನ ಟಯರು, ಸ್ಪ್ರಿಂಗು, ಅಚ್ಚು ಎಲ್ಲವೂ ಮಿತಿ ಮೀರಿ ದುಡಿಯುತ್ತಿರುತ್ತವೆ. ಹಿಂಭಾಗ ಕುಸಿದಷ್ಟೂ ಟ್ರಕ್ಕನ್ನು ಹತೋಟಿಯಲ್ಲಿಡುವುದು ಕಷ್ಟವಾಗುತ್ತದೆ. ಅದಕ್ಕೇ ಫಿಫ್ತ್ ವೀಲ್ ಇರುವವರ ಹತ್ತಿರ ಹೆಚ್ಚಾಗಿ ಮುಕ್ಕಾಲು ಟನ್ ಅಥವಾ ಒಂದು ಟನ್ ಎಂದು ಕರೆಯುವ ದೊಡ್ಡ ಟ್ರಕ್ಕುಗಳಿರುತ್ತವೆ. ತೀರಾ ದೊಡ್ಡ ಟ್ರೇಲರಿಗೆ ಹಿಂದೆ ಜೋಡಿ ಟಯರಿರುವ ಡ್ಯುಯಲಿ ಬೇಕು.

ಇನ್ನೊಂದು ಬಲೆ ಟ್ರೇಲರಿನ ಒಣ ತೂಕ. ನೀರು, ಪಾತ್ರೆ, ಬಟ್ಟೆ, ಅಕ್ಕಿ ಏನೂ ಇಲ್ಲದ ಖಾಲಿ ತೂಕ ಅದು. ಯಾರೂ ಖಾಲಿ ಟ್ರೇಲರ್ ಎಳೆದುಕೊಂಡು ಪ್ರವಾಸ ಹೋಗುವುದಿಲ್ಲ. ಲೆಕ್ಕಕ್ಕೆ ಯಾವಾಗಲೂ ಜಿವಿಡಬ್ಲ್ಯುಆರ್ ಎಂಬ ಅಂಕಿಯನ್ನೇ ಹಿಡಿಯಿರಿ. ತುಂಬಿದ ಟ್ರೇಲರ್ ಮೀರಬಾರದ ಗರಿಷ್ಠ ತೂಕ ಅದು. ಟ್ರೇಲರಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ.

ನಾನು ಕೊಂಡಾಗ ಮಾರಿದವರು "ಈ ಟ್ರಕ್ಕು ಆರಾಮಾಗಿ ಎಳೆಯುತ್ತೆ" ಅಂದಿದ್ದರು. ಅದು ನಿಜವೂ ಆಗಿತ್ತು. ತೂಕದ ಕಟ್ಟೆಯ ಮೇಲೆ ನಿಲ್ಲಿಸಿದಾಗ ಹಿಂದಿನ ಅಚ್ಚು ಮಿತಿ ದಾಟಿತ್ತು. ಹೊರುವ ಮಾತನ್ನು ಅವರು ಎತ್ತಿರಲಿಲ್ಲ, ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ. ಈ ಭಾಗವನ್ನು ಇಷ್ಟು ಎಳೆಎಳೆಯಾಗಿ ಬರೆಯಲು ಅದೇ ಕಾರಣ.

ತೂಗುವುದು ಸುಲಭ. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ಕಟ್ಟೆ ಇರುತ್ತದೆ. ಟ್ರಕ್ಕಿನ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚುಗಳು ಬೇರೆ ಬೇರೆ ಹಾಸಿನ ಮೇಲೆ ಬರುವಂತೆ ನಿಲ್ಲಿಸಿದರೆ ಮೂರರ ತೂಕವೂ ಬೇರೆ ಬೇರೆ ಸಿಗುತ್ತದೆ. ಆಮೇಲೆ ಟ್ರೇಲರ್ ಬಿಚ್ಚಿ ಟ್ರಕ್ಕನ್ನು ಮಾತ್ರ ತೂಗಿಸಿ. ಜೋಡಿಸಿದಾಗ ಟ್ರಕ್ಕಿನ ಎರಡು ಅಚ್ಚಿನ ಮೇಲಿದ್ದ ತೂಕದಿಂದ ಈ ತೂಕ ಕಳೆದರೆ ಉಳಿಯುವುದು ನಿಮ್ಮ ನಿಜವಾದ ಪಿನ್ ತೂಕ. ನಿಜವಾಗಿ ಪ್ರವಾಸಕ್ಕೆ ಹೊರಡುವ ಹಾಗೆ ಎಲ್ಲಾ ತುಂಬಿಕೊಂಡು ಹೋಗಿ ತೂಗಿಸಿ.

ಲೈಸೆನ್ಸ್ ಬಗ್ಗೆ ಒಂದು ಮಾತು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಮ್ಮವರು ಜಾಸ್ತಿ ಇರುವ ಕ್ಯಾಲಿಫೋರ್ನಿಯಾದಲ್ಲಿ 10,000 ಪೌಂಡ್ ಮೀರಿದ ಫಿಫ್ತ್ ವೀಲ್ ಎಳೆಯಲು ಮಾಮೂಲಿ ಲೈಸೆನ್ಸಿನ ಮೇಲೆ ಹೆಚ್ಚುವರಿ ಅನುಮತಿ ಬೇಕು. 15,000 ಮೀರಿದರೆ ವಾಣಿಜ್ಯವಲ್ಲದ ಕ್ಲಾಸ್ ಎ ಲೈಸೆನ್ಸೇ ಬೇಕು. ಅಲ್ಲಿ ಟ್ರೇಲರ್ ಎಳೆಯುವಾಗ ವೇಗದ ಮಿತಿ ಗಂಟೆಗೆ 55 ಮೈಲಿ.

## ಜೋಡಿಸುವ ಕ್ರಮ

ಮೊದಲು ಟ್ರೇಲರಿನ ಚಕ್ರಗಳಿಗೆ ಹಿಂದೆ ಮುಂದೆ ತಡೆ ಕೊಡಿ. ಊರಲ್ಲಿ ಲಾರಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ಅದೇ ಕೆಲಸ. ಆಮೇಲೆ ಟ್ರಕ್ಕಿನ ಹಿಂಬಾಗಿಲು ಕೆಳಗಿಳಿಸಿ. ಇದನ್ನು ಮರೆತು ಬಾಗಿಲು ಜಜ್ಜಿಕೊಂಡವರು ಬೇಕಾದಷ್ಟು ಜನ.

ಎತ್ತರ ಇಲ್ಲಿ ಮುಖ್ಯ. ಟ್ರೇಲರಿನ ಪಿನ್ ಸುತ್ತಲಿನ ತಟ್ಟೆ ಹಿಚ್ಚಿನ ತಟ್ಟೆಗಿಂತ ಕೂದಲೆಳೆಯಷ್ಟು ಕೆಳಗಿರಬೇಕು. ಟ್ರಕ್ ಹಿಂದೆ ಬಂದಾಗ ಹಿಚ್ ಟ್ರೇಲರನ್ನು ತುಸು ಎತ್ತಿ ತನ್ನ ಮೇಲೆ ಕೂರಿಸಿಕೊಳ್ಳುತ್ತದೆ. ಟ್ರೇಲರ್ ಎತ್ತರದಲ್ಲಿದ್ದರೆ ದವಡೆ ಪಿನ್ನಿನ ತುದಿಯನ್ನಷ್ಟೇ ಹಿಡಿಯುತ್ತದೆ. ಆಗಲೂ ಕ್ಲಿಕ್ ಎಂಬ ಸದ್ದು ಬರಬಹುದು, ಹಿಚ್ಚಿನ ಹಿಡಿಕೆಯೂ ಮುಚ್ಚಬಹುದು. ಮೊದಲ ಏರಿನಲ್ಲೋ ಮೊದಲ ಉಬ್ಬಿನಲ್ಲೋ ಪಿನ್ ಜಾರಿ ಇಡೀ ಮನೆ ಟ್ರಕ್ಕಿನ ತೊಟ್ಟಿಯ ಮೇಲೆ ಬೀಳುತ್ತದೆ. ಹಾಗಾಗಿ ಸದ್ದನ್ನು ನಂಬಬೇಡಿ. ಟಾರ್ಚ್ ಹಿಡಿದು ಬಗ್ಗಿ ನೋಡಿ. ಎರಡು ತಟ್ಟೆಗಳ ನಡುವೆ ಸಂದು ಇರಬಾರದು, ದವಡೆ ಪಿನ್ನಿನ ಸುತ್ತ ಪೂರ್ತಿ ಮುಚ್ಚಿರಬೇಕು.

ಹಿಡಿಕೆಗೆ ಸುರಕ್ಷತಾ ಪಿನ್ ಹಾಕಿ. ಏಳು ಪಿನ್ನಿನ ವಿದ್ಯುತ್ ತಂತಿ ಚುಚ್ಚಿ. ದೀಪ, ಇಂಡಿಕೇಟರ್, ಬ್ರೇಕು, ಬ್ಯಾಟರಿ ಚಾರ್ಜು ಎಲ್ಲಾ ಇದರ ಮೂಲಕವೇ. ಅದರ ಜೊತೆ ಒಂದು ಸಣ್ಣ ಉಕ್ಕಿನ ಹಗ್ಗವಿದೆ, ಅದು ಬ್ರೇಕ್‌ಅವೇ ಹಗ್ಗ. ಏನಾದರೂ ಆಗಿ ಟ್ರೇಲರ್ ಕಳಚಿಕೊಂಡರೆ ಈ ಹಗ್ಗ ಜಗ್ಗಿ ಒಂದು ಕೀಲಿ ಹೊರಬರುತ್ತದೆ, ಟ್ರೇಲರ್ ತನ್ನದೇ ಬ್ಯಾಟರಿಯಿಂದ ತನ್ನ ಬ್ರೇಕ್ ತಾನೇ ಹಾಕಿಕೊಳ್ಳುತ್ತದೆ. ಇದನ್ನು ಟ್ರಕ್ಕಿನ ಗಟ್ಟಿ ಭಾಗಕ್ಕೆ ಕಟ್ಟಿ. ಹಿಚ್ಚಿಗೇ ಕಟ್ಟಿದರೆ ಹಿಚ್ ಕಿತ್ತುಬಂದಾಗ ಹಗ್ಗವೂ ಅದರ ಜೊತೆ ಹೋಗುತ್ತದೆ. ಟ್ರೇಲರಿನ ಬ್ಯಾಟರಿ ಸತ್ತಿದ್ದರೆ ಈ ಏರ್ಪಾಡೂ ಸತ್ತಂತೆ.

ಕೊನೆಗೆ ಎಳೆತದ ಪರೀಕ್ಷೆ. ಟ್ರಕ್ ಇಲ್ಲದಾಗ ಟ್ರೇಲರಿನ ಮುಂಭಾಗವನ್ನು ಹೊತ್ತು ನಿಲ್ಲುವ ಮುಂಗಾಲುಗಳು ಇನ್ನೂ ನೆಲದ ಮೇಲೇ ಇರಲಿ, ಚಕ್ರದ ತಡೆ ಹಾಗೇ ಇರಲಿ. ಡ್ಯಾಶ್‌ಬೋರ್ಡಿನ ಬ್ರೇಕ್ ಕಂಟ್ರೋಲರಿನಲ್ಲಿ ಕೈಯಿಂದ ಟ್ರೇಲರ್ ಬ್ರೇಕ್ ಒತ್ತಿ ಹಿಡಿದು ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಜಗ್ಗಿ. ಹಿಡಿತ ಸರಿಯಿಲ್ಲದಿದ್ದರೆ ಟ್ರಕ್ ಮುಂದೆ ಹೋಗುತ್ತದೆ, ಟ್ರೇಲರ್ ತನ್ನ ಕಾಲ ಮೇಲೆ ನಿಂತೇ ಇರುತ್ತದೆ. ಗಟ್ಟಿಯಿದ್ದರೆ ಕಾಲು ಮೇಲೆತ್ತಿ, ತಡೆ ತೆಗೆದು, ಒಂದು ಸುತ್ತು ಹಾಕಿ ದೀಪ ನೋಡಿ ಹೊರಡಿ. ಈ ಹೊತ್ತಿನಲ್ಲಿ ಯಾರಾದರೂ ಮಾತಿಗೆ ಬಂದರೆ ನಿಲ್ಲಿಸಿ, ಮಾತು ಮುಗಿಸಿ, ಮತ್ತೆ ಮೊದಲಿಂದ ಶುರು ಮಾಡಿ. ಹೆಜ್ಜೆ ತಪ್ಪುವುದು ಹೆಚ್ಚಾಗಿ ಮಾತಿನ ನಡುವೆಯೇ.

ಉದ್ದದ ತೊಟ್ಟಿ 8 ಅಡಿ ಇರುತ್ತದೆ. ನಿಮ್ಮದು ಗಿಡ್ಡ ತೊಟ್ಟಿಯಾದರೆ ತೀರಾ ತಿರುಗಿಸಿದಾಗ ಟ್ರೇಲರಿನ ಮೂಲೆ ಟ್ರಕ್ಕಿನ ಹಿಂದಿನ ಗಾಜಿಗೆ ತಾಗಬಹುದು. ಅದಕ್ಕೆ ಹಿಂದಕ್ಕೆ ಸರಿಯುವ ಸ್ಲೈಡರ್ ಹಿಚ್ ಸಿಗುತ್ತದೆ.

## ಬ್ರೇಕು

ಟ್ರೇಲರಿನ ಪ್ರತಿ ಚಕ್ರದೊಳಗೆ ಒಂದು ವಿದ್ಯುತ್ ಅಯಸ್ಕಾಂತ ಇರುತ್ತದೆ. ಕರೆಂಟು ಬಂದರೆ ಅದು ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಬ್ರೇಕ್ ಪಟ್ಟಿಯನ್ನು ಅಗಲಿಸುತ್ತದೆ. ಎಷ್ಟು ಕರೆಂಟು ಹೋಗಬೇಕು ಎಂದು ಹೇಳುವುದು ಟ್ರಕ್ಕಿನ ಡ್ಯಾಶ್‌ಬೋರ್ಡಿನಲ್ಲಿರುವ ಬ್ರೇಕ್ ಕಂಟ್ರೋಲರ್. ಅದರ ಗೇನ್ ಎಂಬ ಅಂಕಿಯನ್ನು ನೀವೇ ಹೊಂದಿಸಬೇಕು. ಖಾಲಿ ಮೈದಾನದಲ್ಲಿ ಗಂಟೆಗೆ 20–25 ಮೈಲಿಯಲ್ಲಿ ಹೋಗುತ್ತಾ ಟ್ರೇಲರ್ ಬ್ರೇಕನ್ನು ಮಾತ್ರ ಕೈಯಿಂದ ಒತ್ತಿ. ಚಕ್ರ ಜಾಮ್ ಆಗಿ ಉಜ್ಜಿದರೆ ಗೇನ್ ಇಳಿಸಿ. ಟ್ರೇಲರ್ ಟ್ರಕ್ಕನ್ನು ಹಿಂದಿನಿಂದ ತಳ್ಳುತ್ತಿದೆ ಅನ್ನಿಸಿದರೆ ಏರಿಸಿ. ತೂಕ ಬದಲಾದಾಗ ಇನ್ನೊಮ್ಮೆ ನೋಡಿ.

ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿಯಬೇಡಿ. ಡ್ರಮ್ ಕಾದು ಹಿಡಿತವೇ ಹೋಗುತ್ತದೆ. ಚಾರ್ಮಾಡಿ, ಆಗುಂಬೆ ಘಾಟಿಯಲ್ಲಿ ಬಸ್ಸಿನವರು ಗೇರ್ ಇಳಿಸಿ ಎಂಜಿನ್ನಿನ ತಡೆಯಲ್ಲೇ ಇಳಿಯುತ್ತಾರಲ್ಲ, ಅದೇ ವಿದ್ಯೆ ಇಲ್ಲಿಗೂ. ಕೊಲರಾಡೊದ ಐ-70 ಹೆದ್ದಾರಿಯಲ್ಲಿ ಸುಮಾರು 11,000 ಅಡಿ ಎತ್ತರದ ಐಸೆನ್‌ಹೋವರ್ ಸುರಂಗ ದಾಟಿ ಡೆನ್ವರ್ ಕಡೆ ಇಳಿಯುವಾಗ ಇದು ಚೆನ್ನಾಗಿ ಅರ್ಥವಾಗುತ್ತದೆ. ಇಳಿಯಲು ಶುರು ಮಾಡುವ ಮೊದಲೇ ವೇಗ ತಗ್ಗಿಸಿ. ನಡುವೆ ತಗ್ಗಿಸುವುದು ಕಷ್ಟ.

## ಎತ್ತರ, ತಿರುವು, ಟಯರು

ನಿಮ್ಮ ಮನೆಯ ಎತ್ತರ 12 ರಿಂದ 13 ಅಡಿ ಇರುತ್ತದೆ, ಕೆಲವು ಇನ್ನೂ ಹೆಚ್ಚು. ಟ್ರಕ್ಕಿಗೆ ಜೋಡಿಸಿದ ಮೇಲೆ, ಚಾವಣಿಯ ಎಸಿಯ ತುದಿವರೆಗೆ ಟೇಪ್ ಹಿಡಿದು ಅಳೆಯಿರಿ. ಬಂದ ಅಂಕಿಯನ್ನು ಬರೆದು ಸ್ಟೀರಿಂಗ್ ಎದುರು ಅಂಟಿಸಿ. ಉತ್ತರ ಕ್ಯಾರೊಲೈನಾದ ಡರ್ಹಮ್‌ನಲ್ಲಿ 11 ಅಡಿ 8 ಇಂಚಿನ ಒಂದು ರೈಲು ಸೇತುವೆ ಲಾರಿಗಳ ಚಾವಣಿ ಸೀಳುವುದಕ್ಕೇ ಹೆಸರಾಗಿತ್ತು. 2019ರಲ್ಲಿ ಅದನ್ನು 12 ಅಡಿ 4 ಇಂಚಿಗೆ ಎತ್ತರಿಸಿದರು. ಅದರ ಮೇಲೂ ವಾಹನಗಳು ತಾಗಿವೆ. ಕಾರಿನ ನಕ್ಷೆ ನೋಡಿಕೊಂಡು ಹೋದರೆ ಅದು ನಿಮ್ಮನ್ನು ಕಾರಿನ ದಾರಿಗೇ ಕಳಿಸುತ್ತದೆ. ವಾಹನದ ಎತ್ತರ, ತೂಕ ಕೇಳಿ ದಾರಿ ತೋರಿಸುವ ಆರ್‌ವಿ ಜಿಪಿಎಸ್ ಬಳಸಿ. ಕೆಲವು ಕಡೆ ಉದ್ದಕ್ಕೂ ಮಿತಿ ಇದೆ. ಮೊಂಟಾನಾದ ಗ್ಲೇಸಿಯರ್ ನ್ಯಾಷನಲ್ ಪಾರ್ಕಿನ ಗೋಯಿಂಗ್-ಟು-ದ-ಸನ್ ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿ ಮೀರಿದ ವಾಹನವನ್ನೇ ಬಿಡುವುದಿಲ್ಲ. ಟ್ರೇಲರನ್ನು ಕ್ಯಾಂಪಿನಲ್ಲಿ ಬಿಟ್ಟು ಹೋಗಬೇಕು.

ತಿರುವಿನಲ್ಲಿ ಟ್ರೇಲರ್ ಒಳಮೂಲೆಯನ್ನು ಕತ್ತರಿಸುತ್ತದೆ. ಟ್ರಕ್ ಮುಂದೆ ಸಾಗಿದ ಮೇಲೆಯೇ ಸ್ಟೀರಿಂಗ್ ತಿರುಗಿಸಬೇಕು. ರಿವರ್ಸ್ ಹೋಗುವಾಗ ಕೈಯನ್ನು ಸ್ಟೀರಿಂಗಿನ ಕೆಳತುದಿಯಲ್ಲಿ ಹಿಡಿಯಿರಿ. ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿ. ಇಷ್ಟು ನೆನಪಿದ್ದರೆ ತಲೆಕೆಳಗಾದ ಲೆಕ್ಕ ಮಾಡುವುದು ತಪ್ಪುತ್ತದೆ.

ಟಯರಿನ ಗಾಳಿಯನ್ನು ಹೊರಡುವ ಮೊದಲು, ಅದು ತಣ್ಣಗಿರುವಾಗ ನೋಡಿ. ಟ್ರೇಲರ್ ಟಯರುಗಳು ಸವೆದು ಹೋಗುವುದಕ್ಕಿಂತ ಮೊದಲು ವಯಸ್ಸಾಗಿ ಸಿಡಿಯುತ್ತವೆ. ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಗೀರು ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಿ. ಸೆಕೆಂಡ್‌ಹ್ಯಾಂಡ್ ಕೊಂಡವರು ಮೊದಲು ನೋಡಬೇಕಾದದ್ದು ಇದನ್ನೇ.

## ಕ್ಯಾಂಪು ತಲುಪಿದ ಮೇಲೆ

ಮೊದಲು ಎಡಬಲ ಸಮ ಮಾಡಿ. ರಸಮಟ್ಟ ಇಟ್ಟು ನೋಡಿ, ತಗ್ಗಿರುವ ಕಡೆಯ ಚಕ್ರದ ಕೆಳಗೆ ಹಲಗೆ ಇಟ್ಟು ಹತ್ತಿಸಿ. ಇದನ್ನು ಟ್ರಕ್ ಜೋಡಿಸಿರುವಾಗಲೇ ಮಾಡಬೇಕು. ಆಮೇಲೆ ಚಕ್ರಕ್ಕೆ ತಡೆ, ಆಮೇಲೆ ಟ್ರಕ್ ಬಿಚ್ಚುವುದು, ಆಮೇಲೆ ಮುಂಗಾಲುಗಳನ್ನು ಏರಿಸಿ ಇಳಿಸಿ ಹಿಂದೆ ಮುಂದೆ ಸಮ ಮಾಡುವುದು. ತಡೆ ಕೊಡದೆ ಬಿಚ್ಚಿದರೆ ಮನೆ ಉರುಳಿಕೊಂಡು ಹೋಗುತ್ತದೆ. ಕೆಲವು ಟ್ರೇಲರುಗಳಲ್ಲಿ ಗುಂಡಿ ಒತ್ತಿದರೆ ಹೈಡ್ರಾಲಿಕ್ ಕಾಲುಗಳೇ ಎಲ್ಲಾ ಸಮ ಮಾಡುತ್ತವೆ.

ಸ್ಲೈಡ್ ಎಂದರೆ ಗೋಡೆಯೇ ಮೇಜಿನ ಡ್ರಾಯರಿನಂತೆ ಹೊರಗೆ ಚಾಚಿ ಕೋಣೆ ಅಗಲವಾಗುವ ಏರ್ಪಾಡು. ಮನೆ ಸಮವಾದ ಮೇಲೆಯೇ ಅದನ್ನು ತೆರೆಯಿರಿ. ಹೊರಗೆ ಮರ, ಕರೆಂಟಿನ ಕಂಬ ಇದೆಯೇ ಎಂದು ಇಳಿದು ನೋಡಿ. ಒಳಗೆ ಮಕ್ಕಳು ದಾರಿಯಲ್ಲಿ ನಿಂತಿಲ್ಲ ಎಂದೂ ನೋಡಿ.

## ಎರಡು ಬಗೆಯ ಕರೆಂಟು

ಟ್ರೇಲರಿನಲ್ಲಿ ಎರಡು ಬೇರೆ ಬೇರೆ ವಿದ್ಯುತ್ ವ್ಯವಸ್ಥೆಗಳಿವೆ. ದೀಪ, ನೀರಿನ ಪಂಪು, ಹೀಟರಿನ ಫ್ಯಾನು, ಸ್ಲೈಡಿನ ಮೋಟಾರು ಇವೆಲ್ಲ ಸಾಮಾನ್ಯವಾಗಿ 12 ವೋಲ್ಟಿನ ಬ್ಯಾಟರಿ ಕರೆಂಟಿನಲ್ಲಿ ನಡೆಯುತ್ತವೆ. ಎಸಿ, ಮೈಕ್ರೋವೇವ್, ಗೋಡೆಯ ಸಾಕೆಟ್ಟುಗಳು 120 ವೋಲ್ಟಿನ ಮನೆ ಕರೆಂಟಿನಲ್ಲಿ.

ನಮ್ಮೂರಿನ ಮನೆಗಳ ಯುಪಿಎಸ್ ನೆನಪಿಸಿಕೊಳ್ಳಿ. ಕರೆಂಟಿರುವಾಗ ಅದು ಬ್ಯಾಟರಿ ತುಂಬುತ್ತದೆ, ಹೋದಾಗ ಬ್ಯಾಟರಿಯಿಂದ ಮನೆಗೆ ಕರೆಂಟು ಕೊಡುತ್ತದೆ. ಟ್ರೇಲರಿನಲ್ಲಿ ಈ ಎರಡು ಕೆಲಸಕ್ಕೆ ಎರಡು ಹೆಸರು. 120 ವೋಲ್ಟನ್ನು 12 ಮಾಡಿ ಬ್ಯಾಟರಿ ತುಂಬುವುದು ಕನ್ವರ್ಟರ್. ಅದು ಎಲ್ಲಾ ಟ್ರೇಲರಿನಲ್ಲೂ ಇರುತ್ತದೆ. 12 ವೋಲ್ಟನ್ನು 120 ಮಾಡುವುದು ಇನ್ವರ್ಟರ್. ಅದು ಎಲ್ಲದರಲ್ಲೂ ಇರುವುದಿಲ್ಲ. ಕಾಡಿನಲ್ಲಿ ನಿಂತಾಗ ದೀಪ ಉರಿಯುತ್ತಿದ್ದರೂ ಸಾಕೆಟ್ಟಿನಲ್ಲಿ ಫೋನ್ ಚಾರ್ಜ್ ಆಗದಿದ್ದರೆ ಗಾಬರಿ ಬೇಡ, ಕಾರಣ ಇದೇ.

ಕ್ಯಾಂಪಿನ ಕಂಬದಲ್ಲಿ 30 ಆಂಪ್ ಅಥವಾ 50 ಆಂಪ್ ಸಾಕೆಟ್ ಇರುತ್ತದೆ. 50 ಅಂದರೆ 30ಕ್ಕಿಂತ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ನಿಜವಾಗಿ ನಾಲ್ಕು ಕಡ್ಡಿಯ 50 ಆಂಪ್ ಪ್ಲಗ್ಗಿನಲ್ಲಿ 120 ವೋಲ್ಟಿನ ಎರಡು ಲೈನುಗಳಿವೆ. ಒಟ್ಟು 12,000 ವ್ಯಾಟ್. ಮೂರು ಕಡ್ಡಿಯ 30 ಆಂಪಿನಲ್ಲಿ ಸಿಗುವುದು 3,600 ವ್ಯಾಟ್ ಮಾತ್ರ. ಎಸಿಗೆ ಸುಮಾರು 13 ಆಂಪ್, ನೀರು ಕಾಯಿಸುವ ಕಾಯಿಲಿಗೆ 12, ಮೈಕ್ರೋವೇವಿಗೆ ಇನ್ನೊಂದು 12. ಮೂರೂ ಒಟ್ಟಿಗೆ ಹಾಕಿದರೆ 30 ಆಂಪಿನ ಬ್ರೇಕರ್ ಬೀಳುತ್ತದೆ. ಒಂದು ಆರಿಸಿ ಇನ್ನೊಂದು ಹಾಕಿ, ಚಟ್ನಿ ರುಬ್ಬುವ ಮಿಕ್ಸಿಗೂ ಇದೇ ಲೆಕ್ಕ. ಅಂದ ಹಾಗೆ ಊರಿಂದ ತಂದ 230 ವೋಲ್ಟಿನ ಮಿಕ್ಸಿ ಇಲ್ಲಿ ನಡೆಯುವುದಿಲ್ಲ. ಅಮೆರಿಕಕ್ಕೆಂದೇ ಮಾಡಿದ್ದು ಬೇಕು.

ಮನೆಯ ಪಕ್ಕ ಟ್ರೇಲರಿಗೆ 30 ಆಂಪ್ ಸಾಕೆಟ್ ಹಾಕಿಸುವವರಿಗೆ ಒಂದು ಎಚ್ಚರಿಕೆ. ಅದು 120 ವೋಲ್ಟಿನದ್ದು. ಬಟ್ಟೆ ಒಣಗಿಸುವ ಯಂತ್ರದ 30 ಆಂಪ್ ಸಾಕೆಟ್ಟೂ ಮೂರು ಕಡ್ಡಿಯದ್ದಿರುತ್ತದೆ, ಆದರೆ ಅದು 240 ವೋಲ್ಟ್. ಅದೇ ಎಂದುಕೊಂಡು 240 ಕೊಟ್ಟುಬಿಡುವ ಎಲೆಕ್ಟ್ರಿಷಿಯನ್ನರಿದ್ದಾರೆ. ಚುಚ್ಚಿದ ಕ್ಷಣ ಒಳಗಿನ ಉಪಕರಣಗಳೆಲ್ಲ ಸುಡುತ್ತವೆ. ಚುಚ್ಚುವ ಮೊದಲು ಮೀಟರ್ ಹಿಡಿದು ನೋಡಿಸಿ. ಕ್ಯಾಂಪುಗಳ ಕಂಬವೂ ಕೆಟ್ಟಿರಬಹುದು. ವೋಲ್ಟೇಜ್ ತಟ್ಟನೆ ಏರಿದರೆ ಉಪಕರಣಗಳನ್ನು ಕಾಯುವ ಸರ್ಜ್ ಪ್ರೊಟೆಕ್ಟರ್ ಕೊಳ್ಳುವ ದುಡ್ಡು ದಂಡವಲ್ಲ.

ಬ್ಯಾಟರಿ ವಿಷಯ. 100 ಆಂಪ್-ಅವರ್‌ನ ಮಾಮೂಲಿ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು. ಪೂರ್ತಿ ಖಾಲಿ ಮಾಡಿದರೆ ಅದರ ಆಯುಷ್ಯ ಕಮ್ಮಿಯಾಗುತ್ತದೆ. ಚಳಿಯ ಒಂದು ರಾತ್ರಿ ಹೀಟರಿನ ಫ್ಯಾನು ಬಿಟ್ಟು ಬಿಟ್ಟು ನಾಲ್ಕು ಗಂಟೆ ತಿರುಗಿದರೂ ಸುಮಾರು 28 ಆಂಪ್-ಅವರ್ ಹೋಗುತ್ತದೆ. ಉಳಿದದ್ದು ನೀವೇ ಲೆಕ್ಕ ಹಾಕಿ. ಲಿಥಿಯಂ ಬ್ಯಾಟರಿಯಲ್ಲಿ ಹೆಚ್ಚುಕಮ್ಮಿ ಪೂರ್ತಿ ಬಳಸಬಹುದು. ಆದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣ್ಣಗಾದಾಗ ಅದನ್ನು ಚಾರ್ಜ್ ಮಾಡಬಾರದು.

## ಗ್ಯಾಸು, ಫ್ರಿಜ್ಜು

ಒಲೆ, ಹೀಟರು, ಬಿಸಿನೀರು ಹೆಚ್ಚಾಗಿ ಪ್ರೊಪೇನ್ ಗ್ಯಾಸಿನಲ್ಲಿ. ನಮ್ಮ ಅಡುಗೆ ಸಿಲಿಂಡರಿನಲ್ಲಿ ಪ್ರೊಪೇನ್ ಜೊತೆ ಬ್ಯೂಟೇನ್ ಬೆರೆತಿರುತ್ತದೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಹಿಮ ಬೀಳುವ ಊರಿಗೆ ಅದಕ್ಕೇ ಪ್ರೊಪೇನ್. 30 ಪೌಂಡಿನ ಒಂದು ಸಿಲಿಂಡರಿನಿಂದ ಗಂಟೆಗೆ 30,000 ಬಿಟಿಯು (ಶಾಖದ ಅಳತೆ) ಉರಿಸುವ ಹೀಟರನ್ನು ಬಿಡದೆ ಉರಿಸಿದರೆ ಸುಮಾರು 20 ಗಂಟೆ ಬರುತ್ತದೆ.

ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡುತ್ತದೆ. ಅದಕ್ಕೇ ಗ್ಯಾಸ್ ಪತ್ತೆ ಯಂತ್ರವನ್ನು ನೆಲದ ಹತ್ತಿರ ಹಾಕಿರುತ್ತಾರೆ. ಅದು ಕೂಗಿದರೆ ಸ್ವಿಚ್ ಮುಟ್ಟಬೇಡಿ, ಎಲ್ಲರೂ ಹೊರಗೆ ಬಂದು ಸಿಲಿಂಡರ್ ಮುಚ್ಚಿ. ಈ ಯಂತ್ರಕ್ಕೂ ಕಾರ್ಬನ್ ಮಾನಾಕ್ಸೈಡ್ ಯಂತ್ರಕ್ಕೂ ವಾಯಿದೆ ಇದೆ, ಹಿಂಬದಿಯಲ್ಲಿ ತಾರೀಕು ನೋಡಿ. ಪೆಟ್ರೋಲ್ ಬಂಕಿಗೆ ಹೋಗುವ ಮೊದಲು ಗ್ಯಾಸಿನಲ್ಲಿ ಉರಿಯುವುದನ್ನೆಲ್ಲ ಆರಿಸಿ. ಬಾಲ್ಟಿಮೋರ್ ಬಂದರಿನ ಕೆಳಗಿನ ಸುರಂಗಗಳಂಥ ಕೆಲವು ಕಡೆ ಪ್ರೊಪೇನ್ ಒಯ್ಯಲು ನಿರ್ಬಂಧವಿದೆ. ಮೊದಲೇ ದಾರಿ ನೋಡಿಕೊಳ್ಳಿ.

ಹಳೆಯ ಟ್ರೇಲರುಗಳ ಫ್ರಿಜ್ಜು ಬೆಂಕಿಯಿಂದ ತಣ್ಣಗೆ ಮಾಡುತ್ತದೆ. ಸ್ವೀಡನ್ನಿನ ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ 1922ರಲ್ಲಿ ಕಂಡುಹಿಡಿದ ವಿಧಾನ ಇದು. ಒಳಗೆ ಅಮೋನಿಯಾ ಮತ್ತು ನೀರು. ಸಣ್ಣ ಉರಿ ತಾಗಿದಾಗ ಅಮೋನಿಯಾ ಆವಿಯಾಗಿ ಮೇಲೇರುತ್ತದೆ, ತಣಿದು ದ್ರವವಾಗುತ್ತದೆ. ಮತ್ತೆ ಆವಿಯಾಗುವಾಗ ಫ್ರಿಜ್ಜಿನೊಳಗಿನ ಶಾಖ ಹೀರುತ್ತದೆ. ಬೆವರು ಆರುವಾಗ ಮೈ ತಣ್ಣಗಾಗುತ್ತದಲ್ಲ, ಹಾಗೆ. ಪಂಪು ಇಲ್ಲ, ದ್ರವ ತಾನೇ ಇಳಿದು ಹರಿಯಬೇಕು. ಅದಕ್ಕೇ ಟ್ರೇಲರ್ ವಾಲಿ ನಿಂತರೆ ಈ ಫ್ರಿಜ್ಜು ಕೆಡುತ್ತದೆ. ಇದು ತಣ್ಣಗಾಗಲು ತುಂಬಾ ಹೊತ್ತು ಬೇಕು, ಹಿಂದಿನ ದಿನವೇ ಹಾಕಿಡಿ. ಹೊಸ ಟ್ರೇಲರುಗಳಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜು ಜಾಸ್ತಿ. ಅದಕ್ಕೆ ವಾಲಿದರೂ ತೊಂದರೆಯಿಲ್ಲ, ಆದರೆ ಬ್ಯಾಟರಿ ತಿನ್ನುತ್ತದೆ.

## ಮೂರು ಟ್ಯಾಂಕು

ಒಳ್ಳೆಯ ನೀರಿಗೆ ಒಂದು ಟ್ಯಾಂಕು. ಪಾತ್ರೆ, ಸ್ನಾನದ ನೀರಿಗೆ ಗ್ರೇ ಟ್ಯಾಂಕು. ಕಕ್ಕಸಿಗೆ ಬ್ಲಾಕ್ ಟ್ಯಾಂಕು. ಕ್ಯಾಂಪಿನಲ್ಲಿ ನಲ್ಲಿ ಇದ್ದರೆ ಹೋಸ್ ಪೈಪಿನಿಂದ ನೇರ ಜೋಡಿಸಬಹುದು, ಪಂಪು ಬೇಡ. ಆದರೆ ನಲ್ಲಿಗೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಹಾಕಿ. ಕೆಲವು ಕಡೆ ನೀರು ಎಷ್ಟು ರಭಸದಲ್ಲಿ ಬರುತ್ತದೆಂದರೆ ಒಳಗಿನ ಪ್ಲಾಸ್ಟಿಕ್ ಪೈಪಿನ ಕೀಲು ಬಿಡುತ್ತದೆ. ಕುಡಿಯುವ ನೀರಿಗೆಂದೇ ಮಾಡಿದ ಪೈಪು ಬಳಸಿ. ತೋಟದ ಪೈಪು ಬೇಡ.

60 ಗ್ಯಾಲನ್ ಟ್ಯಾಂಕು ತುಂಬಿದರೆ 227 ಲೀಟರ್, ಅಂದರೆ 227 ಕಿಲೋ, 500 ಪೌಂಡ್. ನೀರು ಸಿಗುವ ಕ್ಯಾಂಪಿಗೆ ಹೋಗುವಾಗ ಸುಮ್ನೆ ಅಷ್ಟು ಹೊತ್ತುಕೊಂಡು ಹೋಗಬೇಕಿಲ್ಲ. ನೀರು ಸಿಗದ ಕಡೆ ನಿಲ್ಲುವಾಗ ನಮ್ಮ ಬಕೆಟ್ಟು ಚೊಂಬಿನ ಸ್ನಾನ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಷವರಿನಲ್ಲಿ ಐದು ನಿಮಿಷಕ್ಕೆ 10 ಗ್ಯಾಲನ್, ಹತ್ತಿರ ಹತ್ತಿರ 38 ಲೀಟರ್ ಹೋಗುತ್ತದೆ. ಒಂದು ಬಕೆಟ್ಟು ಅದರ ಅರ್ಧ. ಒಳ್ಳೆಯ ನೀರು ಮುಗಿಯುವುದಕ್ಕಿಂತ ಮೊದಲು ಗ್ರೇ ಟ್ಯಾಂಕು ತುಂಬುವುದೇ ಹೆಚ್ಚು. ಸಾರಿನ ಬೇಳೆ, ಕರಿಬೇವು, ಒಗ್ಗರಣೆಯ ಎಣ್ಣೆ ಸಿಂಕಿಗೆ ಹೋಗದಂತೆ ತಟ್ಟೆ ಒರೆಸಿ ತೊಳೆಯಿರಿ. ಗ್ರೇ ಟ್ಯಾಂಕು ನಾರುವುದು ಅದರಿಂದಲೇ.

ಬ್ಲಾಕ್ ಟ್ಯಾಂಕಿನ ನಿಯಮ ಒಂದೇ: ಅದರ ವಾಲ್ವ್ ಮುಚ್ಚಿರಲಿ. ತೆರೆದಿಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥ ಮಾತ್ರ ಉಳಿದು ಗುಪ್ಪೆಯಾಗಿ ಒಣಗುತ್ತದೆ. ತೆಗೆಯುವುದು ಬಹಳ ಕಷ್ಟ. ನೀರು ಧಾರಾಳವಾಗಿ ಬಳಸಿ. ಕಾಗದಕ್ಕಿಂತ ನೀರು ಬಳಸುವ ನಮ್ಮ ಅಭ್ಯಾಸ ಈ ಟ್ಯಾಂಕಿಗೆ ಒಳ್ಳೆಯದೇ. ಮುಕ್ಕಾಲು ತುಂಬಿದ ಮೇಲೆ ಡಂಪ್ ಸ್ಟೇಷನ್ನಿನಲ್ಲಿ ಖಾಲಿ ಮಾಡಿ. ಮೊದಲು ಬ್ಲಾಕ್, ಆಮೇಲೆ ಗ್ರೇ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ಹಾಕಿ, ಪೈಪಿನ ಕೊನೆ ಗಟ್ಟಿಯಾಗಿ ಕೂತಿದೆಯೇ ಎಂದು ನೋಡಿಯೇ ವಾಲ್ವ್ ಎಳೆಯಿರಿ. ಟ್ಯಾಂಕಿನ ಮಟ್ಟ ತೋರಿಸುವ ದೀಪಗಳನ್ನು ಪೂರ್ತಿ ನಂಬಬೇಡಿ. ಒಳಗೆ ಏನಾದರೂ ಅಂಟಿಕೊಂಡರೆ ಖಾಲಿಯಿದ್ದರೂ ತುಂಬಿದೆ ಎನ್ನುತ್ತವೆ.

ಬಿಸಿನೀರಿನ ಟ್ಯಾಂಕಿನಲ್ಲಿ ನೀರಿದೆ ಎಂದು ಖಾತ್ರಿಯಾದ ಮೇಲೆಯೇ ಅದರ ವಿದ್ಯುತ್ ಸ್ವಿಚ್ ಹಾಕಿ. ಬಿಸಿನೀರಿನ ನಲ್ಲಿ ತಿರುಗಿಸಿ, ಗಾಳಿ ಇಲ್ಲದೆ ನೀರು ಬರಬೇಕು. ಖಾಲಿ ಟ್ಯಾಂಕಿಗೆ ಕರೆಂಟು ಕೊಟ್ಟರೆ ಕಾಯಿಲು ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.

## ಚಳಿಗಾಲಕ್ಕೆ ಮೊದಲು

ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಪೈಪು ಒಡೆಯುತ್ತದೆ. ಮಿಚಿಗನ್, ಮಿನೆಸೋಟ, ನ್ಯೂಜೆರ್ಸಿ ಕಡೆಯವರು ಮೊದಲ ಗಟ್ಟಿ ಹಿಮಕ್ಕೆ ಮುಂಚೆ ಈ ಕೆಲಸ ಮುಗಿಸಬೇಕು. ಮೂರೂ ಟ್ಯಾಂಕು ಖಾಲಿ ಮಾಡಿ. ಬಿಸಿನೀರಿನ ಟ್ಯಾಂಕು ತಣ್ಣಗಾದ ಮೇಲೆ ಅದನ್ನೂ ಖಾಲಿ ಮಾಡಿ, ಬೈಪಾಸ್ ವಾಲ್ವ್ ತಿರುಗಿಸಿ ಅದನ್ನು ದಾರಿಯಿಂದ ಬಿಡಿಸಿ. ಆಮೇಲೆ ಪಂಪಿನ ಮೂಲಕ ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜ್ ಹರಿಸಿ. ಕಾರಿನ ರೇಡಿಯೇಟರಿಗೆ ಹಾಕುವುದು ವಿಷ, ಅದನ್ನು ಎಂದೂ ಹಾಕಬೇಡಿ. ಒಂದೊಂದೇ ನಲ್ಲಿ ತಿರುಗಿಸಿ, ತಣ್ಣೀರು, ಬಿಸಿನೀರು ಎರಡರಲ್ಲೂ ಗುಲಾಬಿ ಬಣ್ಣ ಬರುವವರೆಗೆ ಬಿಡಿ. ಷವರು, ಕಕ್ಕಸು, ಹೊರಗಿನ ನಲ್ಲಿ ಇದ್ದರೆ ಅದೂ. ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲೂ ನೀರು ನಿಂತಿರುತ್ತದೆ, ಅಲ್ಲಿಗೂ ಒಂದು ಲೋಟ ಸುರಿಯಿರಿ. ಸೀಸದ ಬ್ಯಾಟರಿಯಾದರೆ ಪೂರ್ತಿ ಚಾರ್ಜ್ ಮಾಡಿ ತಂತಿ ಬಿಚ್ಚಿಡಿ. ಏಪ್ರಿಲ್‌ನಲ್ಲಿ ಮತ್ತೆ ಹೊರಡುವಾಗ ಗುಲಾಬಿ ಬಣ್ಣ ಪೂರ್ತಿ ಹೋಗುವವರೆಗೆ ಎಲ್ಲಾ ನಲ್ಲಿಗಳಲ್ಲೂ ನೀರು ಬಿಡಿ, ಆಮೇಲೆ ಬೈಪಾಸ್ ವಾಲ್ವನ್ನು ಮೊದಲಿದ್ದ ಜಾಗಕ್ಕೆ ತಿರುಗಿಸಿ.